ಡಬ್ಬಿಯ ಮೇಲೆ ಕೆತ್ತಿಸಿದ್ದ ಹೆಸರು

ಫ್ರಾಂಕ್‌ಫರ್ಟಿನಲ್ಲಿ ಮಗಳ ಬಾಣಂತನ ಮುಗಿಸಿ ನಾನು ಬೆಂಗಳೂರಿಗೆ ಬಂದಿಳಿದದ್ದು ಬೆಳಗಿನ ಜಾವ. ಬೆಲ್ಟ್ ಖಾಲಿಯಾಗಿ ನಿಂತಿತು, ನನ್ನ ನೀಲಿ ಸೂಟ್‌ಕೇಸ್ ಬರಲಿಲ್ಲ. ಅದರಲ್ಲಿ ನಮ್ಮಮ್ಮನ ಬೆಳ್ಳಿಯ ಒಳಲೆ ಇತ್ತು. ನನಗೆ, ನನ್ನ ಮಗಳಿಗೆ, ಈಗ ಮೊಮ್ಮಗನಿಗೆ ಹಾಲು ಕುಡಿಸಿದ ಒಳಲೆ. ಮಂಡ್ಯದಲ್ಲಿ ತಂಗಿಯ ಮಗಳ ಹೆರಿಗೆ ಹತ್ತಿರವಾಗಿದ್ದರಿಂದ ಹಿಂದಕ್ಕೆ ತರುತ್ತಿದ್ದೆ. ಬೆಳ್ಳಿಯ ವಸ್ತುವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕಿತ್ತು. ಅದನ್ನು ಸೂಟ್‌ಕೇಸಿಗೆ ಹಾಕಿದ್ದು ನನ್ನದೇ ತಪ್ಪು.

ಮೈಸೂರಿನ ಫ್ಲೈ ಬಸ್ಸಿಗೆ ಹೊತ್ತಾಗುತ್ತಿತ್ತು. ಮನೆಗೆ ಹೋಗಿ ಫೋನ್ ಮಾಡಿದರಾಯಿತು ಎಂದು ಸಹಪ್ರಯಾಣಿಕರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಬಸ್ಸು ಇನ್ನೊಂದು ಸಿಗುತ್ತದೆ. ದೂರು ಬರೆಸದೆ ಹೊರಗೆ ಕಾಲಿಟ್ಟರೆ, ಸಾಮಾನು ಬರಲೇ ಇಲ್ಲ ಎಂಬುದಕ್ಕೆ ನಮ್ಮ ಬಾಯಿಮಾತು ಬಿಟ್ಟು ಬೇರೆ ಆಧಾರ ಉಳಿಯುವುದಿಲ್ಲ. ಆ ದೂರಿಗೆ ಪಿಐಆರ್ ಎನ್ನುತ್ತಾರೆ. ಬೋರ್ಡಿಂಗ್ ಪಾಸಿಗೆ ಅಂಟಿಸಿದ್ದ ಟ್ಯಾಗ್ ಚೀಟಿಯನ್ನು ಹಿಡಿದು ಕೌಂಟರಿಗೆ ಹೋದೆ.

ಅಲ್ಲಿದ್ದ ಹುಡುಗ ಬಣ್ಣ, ಆಕಾರಗಳ ಚಿತ್ರಪಟವನ್ನು ಮುಂದಿಟ್ಟು ಸೂಟ್‌ಕೇಸ್ ಯಾವ ಬಗೆಯದೆಂದು ಗುರುತಿಸಲು ಹೇಳಿದ. ಆಮೇಲೆ, "ಒಳಗೆ ಏನೇನಿದೆ ಅಮ್ಮ?" ಎಂದ.

"ಬಟ್ಟೆ" ಎಂದೆ.

"ಬಟ್ಟೆ ಎಲ್ಲರದರಲ್ಲೂ ಇರುತ್ತದೆ. ನಿಮ್ಮದರಲ್ಲಿ ಮಾತ್ರ ಇರುವುದನ್ನು ಹೇಳಿ."

ಆ ಮಾತಿಗೆ ನಾನು ಇಂದಿಗೂ ಋಣಿ. ಹಳದಿ ಟವಲ್ಲಿನಲ್ಲಿ ಸುತ್ತಿದ ಒಳಲೆ, ಹಳೆಯ ಹತ್ತಿ ಸೀರೆಯ ತುಂಡುಗಳು, ಲೇಹ್ಯ ಒಯ್ದಿದ್ದ ಸ್ಟೀಲ್ ಡಬ್ಬಿ, ಅದರ ಮುಚ್ಚಳದ ಮೇಲೆ ಕನ್ನಡದಲ್ಲಿ ಕೆತ್ತಿಸಿದ್ದ ನನ್ನ ಯಜಮಾನರ ಹೆಸರು, ಎಲ್ಲವನ್ನೂ ಬರೆಸಿದೆ. ಐದು ಅಕ್ಷರ, ಐದು ಅಂಕಿಗಳ ದೂರಿನ ಸಂಖ್ಯೆ ಕೊಟ್ಟರು. ಇದು ವರ್ಲ್ಡ್‌ಟ್ರೇಸರ್ ಎಂಬ ಜಾಲಕ್ಕೆ ಸೇರುತ್ತದೆ. ಬೇರೆ ಬೇರೆ ದೇಶಗಳ ನಿಲ್ದಾಣಗಳಲ್ಲಿ ವಾರಸುದಾರರಿಲ್ಲದೆ ಬಿದ್ದ ಸಾಮಾನುಗಳ ವಿವರವೂ ಅಲ್ಲಿಗೇ ಬರುತ್ತದೆ, ಎರಡನ್ನೂ ಹೋಲಿಸಿ ನೋಡುತ್ತಾರೆ.

ಕುವೆಂಪುನಗರದ ಮನೆಯಲ್ಲಿ ಐದು ದಿನ ನನಗೆ ಊಟ ಸೇರಲಿಲ್ಲ. ದಿನವೂ ಆ ಸಂಖ್ಯೆಯನ್ನು ಹಾಕಿ ಜಾಲತಾಣದಲ್ಲಿ ನೋಡುತ್ತಿದ್ದೆ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇಮೇಲ್‌ನಲ್ಲೂ ಬರೆದು ಕಳುಹಿಸುತ್ತಿದ್ದೆ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದಲ್ಲಿ ವಿಮಾನ ಸಂಸ್ಥೆಗಳ ಹೊಣೆಯನ್ನು ಹೇಳುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರ ಪ್ರಕಾರ 21 ದಿನ ಕಳೆದರೂ ಸಾಮಾನು ಬಾರದಿದ್ದರೆ ಕಳೆದುಹೋಯಿತೆಂದೇ ಪರಿಗಣಿಸಿ ಪರಿಹಾರ ಕೇಳಬಹುದು. ಪರಿಹಾರದ ಹಣ ನನಗೆ ಬೇಕಿರಲಿಲ್ಲ.

ಐದನೆಯ ದಿನ ಸಂಜೆ ವಿಮಾನ ಸಂಸ್ಥೆಯಿಂದ ಒಂದು ಚಿತ್ರ ಬಂತು. ಡಬ್ಬಿಯ ಮುಚ್ಚಳ, ಅದರ ಮೇಲೆ ಯಜಮಾನರ ಹೆಸರು. ಮದುವೆಯಾದ ಹೊಸತರಲ್ಲಿ ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೆತ್ತಿಕೊಟ್ಟಿದ್ದ ಅಕ್ಷರಗಳು! ನಡುವೆ ವಿಮಾನ ಬದಲಿಸಿದ ನಿಲ್ದಾಣದಲ್ಲಿ ಟ್ಯಾಗ್ ಹರಿದುಹೋಗಿ, ಯಾರದೆಂದು ತಿಳಿಯದೆ ಸೂಟ್‌ಕೇಸ್ ಅಲ್ಲೇ ಉಳಿದಿತ್ತು. ಆ ಲಿಪಿ ಅಲ್ಲಿನವರಿಗೆ ಓದಲು ಬಾರದಿದ್ದರೂ ಡಬ್ಬಿ, ಕೆತ್ತನೆ, ಹಳದಿ ಟವಲ್ ಮೂರೂ ನನ್ನ ವಿವರಕ್ಕೆ ಹೊಂದಿದವು.

ಎರಡು ದಿನಗಳ ನಂತರ ಸೂಟ್‌ಕೇಸ್ ಮನೆಬಾಗಿಲಿಗೆ ಬಂತು. ತಂದವರು ಸಹಿ ಕೇಳಿದರು. ಅವರೆದುರೇ ತೆರೆದು ನೋಡಿ, ಒಂದು ಚಕ್ರ ಮುರಿದಿದೆ ಎಂದು ರಸೀದಿಯಲ್ಲಿ ಬರೆದ ಮೇಲೆಯೇ ಸಹಿ ಹಾಕಿದೆ. ಹಾನಿಯ ದೂರನ್ನು ಸಾಮಾನು ಕೈಸೇರಿದ 7 ದಿನಗಳೊಳಗೆ ಲಿಖಿತವಾಗಿ ಕೊಡಬೇಕು, ಅಂದೇ ಕಳುಹಿಸಿದೆ. ಒಳಲೆಯನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಮರುದಿನ ಮಂಡ್ಯದ ರೈಲು ಹತ್ತಿದೆ. ಈ ಸಲ ಅದು ನನ್ನ ಮಡಿಲಲ್ಲೇ ಇತ್ತು.