ಹನ್ನೊಂದು ಜಾಗದಿಂದ ನಾಲ್ಕಕ್ಕೆ: ನನ್ನ ಮೈಸೂರು ಟೂರ್ ಅನುಭವ

ಮೊದಲ್ನೇ ಸಲ ಜನಕ್ಕೆ ಮೈಸೂರು ತೋರಿಸ್ತೀನಿ ಅಂತ ಹೊರಟಾಗ ನನ್ ಲಿಸ್ಟಲ್ಲಿ ಹನ್ನೊಂದು ಜಾಗ ಇತ್ತು ಕಣ್ರೀ. ಅರಮನೆ, ಜಗನ್ಮೋಹನ, ಲಲಿತಮಹಲ್, ಚರ್ಚು, ಬೆಟ್ಟ ಎಲ್ಲಾ ಒಂದೇ ದಿನ, ಮಧ್ಯದಲ್ಲಿ ಎಲ್ಲಾದ್ರೂ ಊಟ. ಎಂಟು ಜನ ಬಂದಿದ್ರು, ಅವರಲ್ಲಿ ಹುಬ್ಬಳ್ಳಿ ಅಜ್ಜಿ ಒಬ್ರು. ದೊಡ್ಡ ಗಡಿಯಾರದ ಕೆಳಗೆ ಬಿಸಿಲಲ್ಲಿ ನಿಂತು, ನಾಲ್ವಡಿಯವರು ಅಧಿಕಾರ ವಹಿಸ್ಕೊಂಡು 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಕಟ್ಟಿಸಿದ್ದು ಅಂತ ನಾನು ಒದರ್ತಾನೇ ಇದ್ದೆ, ಅಜ್ಜಿ ನನ್ ಕೈ ಹಿಡಿದು "ಸಾಕ್ ಮಾಡವಾ, ಹೊಟ್ಟಿ ಹಸದೈತಿ" ಅಂದ್ರು. ತಲೆ ಎತ್ತಿ ನೋಡ್ತೀನಿ, ಗಂಟೆ ಒಂದೂಕಾಲು. ಆ ಗಡಿಯಾರದಲ್ಲಿ ಇರೋದೆಲ್ಲ ಕನ್ನಡ ಅಂಕಿ, ನಿಂತು ನೋಡ್ಬೇಕಾಗಿರೋದೇ ಅದು, ಅದನ್ನ ತೋರ್ಸೋದೇ ಮರ್ತಿದ್ದೆ! ಅವತ್ತು ಬೆಟ್ಟಕ್ಕೆ ಹೋಗ್ಲೇ ಇಲ್ಲ.

ಈಗ ನಾಲ್ಕೇ ಜಾಗ, ಹತ್ತು ಜನಕ್ಕಿಂತ ಜಾಸ್ತಿ ಕರ್ಕೊಂಡು ಹೋಗಲ್ಲ. ಭಾನುವಾರನೇ ಇಟ್ಕೋತೀನಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಬೆಳಗ್ಗೆ ಏಳಕ್ಕೆ ಚಿಕ್ಕ ಗಡಿಯಾರದ ಹತ್ರ ಸೇರಿ ಅಲ್ಲಿಂದ ನೇರ ದೇವರಾಜ ಮಾರ್ಕೆಟ್. ಆ ಹೊತ್ತಿಗೆ ಹೂವಿನ ಸಾಲು ನೋಡ್ಬೇಕು ನೀವು, ಮಲ್ಲಿಗೆ ಮೊಳ ಹಾಕ್ತಾ ಇರ್ತಾರೆ, ಕುಂಕುಮ ಗೋಪುರದ ತರ ಗುಡ್ಡೆ ಹಾಕಿರ್ತಾರೆ. ನಾನಿಲ್ಲಿ ಜಾಸ್ತಿ ಮಾತಾಡಲ್ಲ, ಎಲ್ರ ಕೈಗೂ ಒಂದೊಂದು ರಸಬಾಳೆ ಕೊಟ್ಟು ಅರ್ಧ ಗಂಟೆ ಬಿಟ್ಬಿಡ್ತೀನಿ. ಆಮೇಲೆ ಒಂದೇ ವಿಷಯ ಹೇಳೋದು: 2016ರಲ್ಲಿ ಮಾರ್ಕೆಟ್‌ನ ಒಂದು ಭಾಗ ಕುಸಿದು ಬಿತ್ತು, ಅದಕ್ಕೂ ಮುಂಚೆ 2012ರಲ್ಲಿ ಎದುರುಗಡೆ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಬಿದ್ದು ಜನ ಸತ್ತಿದ್ರು. ಕೆಡವಿ ಹೊಸದಾಗಿ ಕಟ್ಟಬೇಕಾ, ಇರೋದನ್ನೇ ರಿಪೇರಿ ಮಾಡ್ಬೇಕಾ ಅಂತ ಕೇಳಿದ್ರೆ ಟೂರ್‌ಗೆ ಬಂದವರಲ್ಲೇ ಜಗಳ ಶುರುವಾಗುತ್ತೆ. ನಾನಂತೂ ರಿಪೇರಿ ಪಾರ್ಟಿ.

ತಿಂಡಿಗೆ ನಜರ್‌ಬಾದ್ ಕಡೆ ಮೈಲಾರಿ ದೋಸೆ. ಇದು ಗರಿಗರಿ ಅಲ್ಲ, ಹತ್ತಿ ತರ ಮೆತ್ತಗೆ, ಮೇಲೊಂದು ಬೆಣ್ಣೆ. ಬೆಂಗಳೂರಿನವರು ಮೊದಲು ಮೂಗು ಮುರೀತಾರೆ, ಆಮೇಲೆ ಇನ್ನೆರಡು ಅಂತಾರೆ. ಕ್ಯೂ ಇದ್ದೇ ಇರುತ್ತೆ, ಅದಕ್ಕೆ ಪ್ಲಾನಲ್ಲಿ ಮುಕ್ಕಾಲು ಗಂಟೆ ಎಕ್ಸ್‌ಟ್ರಾ ಇಟ್ಟಿರ್ತೀನಿ.

ಹತ್ತಕ್ಕೆ ಅರಮನೆ ಬಾಗ್ಲು ತೆಗೆಯೋ ಹೊತ್ತಿಗೇ ಒಳಗಿರ್ಬೇಕು. ಚಪ್ಪಲಿ ಬಿಡ್ಬೇಕಲ್ಲ, ಹೊತ್ತು ಏರಿದ್ಮೇಲೆ ಹೊರಗಿನ ಕಲ್ಲು ಕಾದು ಕಾಲು ಸುಟ್ಟೋಗುತ್ತೆ, ಮೊದಲ್ನೇ ಟೂರಲ್ಲಿ ಒಂದು ಮಗು ಅತ್ತೇಬಿಟ್ಟಿತ್ತು. ಕಲ್ಯಾಣ ಮಂಟಪಕ್ಕೆ ಹೋದ್ಮೇಲೆ ನಾನು ಒಂದು ಪ್ರಶ್ನೆ ಕೇಳ್ತೀನಿ, ಈ ಕಂಬ ಯಾವುದ್ರದ್ದು? ಮರ ಅಂತಾರೆ, ಕಲ್ಲು ಅಂತಾರೆ, ಒಬ್ರು ಪಿಂಗಾಣಿ ಅಂದಿದ್ರು. ಅದು ಎರಕದ ಕಬ್ಬಿಣ, ಗ್ಲಾಸ್ಗೋದಿಂದ ಹಡಗಲ್ಲಿ ಬಂದಿದ್ದು. ಅಲ್ಲಿಂದ ಕಥೆ ತಾನಾಗೇ ಹಿಂದಕ್ಕೆ ಹೋಗುತ್ತೆ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಟೈಮಲ್ಲಿ ಬೆಂಕಿ ಬಿದ್ದು ಹಳೇ ಮರದ ಅರಮನೆ ಸುಟ್ಟೋಯ್ತು, ಆಗ ರಾಜ್ಯ ನೋಡ್ಕೋತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ಆರ್ಕಿಟೆಕ್ಟ್ ಕೈಲಿ ಹೊಸದನ್ನ ಮಾಡಿಸಿದ್ರು, ಮುಗಿದಿದ್ದು 1912ಕ್ಕೆ. ಒಂದು ಸಲ ಸುಟ್ಟ ಮನೆಯವರು ಕಲ್ಲು ಕಬ್ಬಿಣ ಆರಿಸ್ಕೊಂಡಿದ್ದಾರೆ ಅಂತ ಹೇಳ್ಬಿಟ್ರೆ, ಆಮೇಲೆ ಜನ ಪ್ರತೀ ಕಂಬನೂ ಬೇರೆ ತರ ನೋಡ್ತಾರೆ.

ಊಟ ಹೋಟೆಲಲ್ಲಿ ಅಲ್ಲ, ನಮ್ ಚಿಕ್ಕಮ್ಮನ ಮನೇಲಿ. ಮೊದಮೊದಲು ಒಂದು ಹೋಟೆಲಲ್ಲಿ ಮುಂಚೆನೇ ಹೇಳಿಟ್ಟಿದ್ದೆ, ಅವರು ಮದುವೆ ಆರ್ಡರ್ ಬಂತು ಅಂತ ನಮ್ಮನ್ನ ಒಂದೂವರೆ ಗಂಟೆ ಹೊರಗೇ ಕೂರಿಸಿದ್ರು, ಸಾಕಾಯ್ತು. ಚಿಕ್ಕಮ್ಮ ಮಾಡೋದು ಮುದ್ದೆ, ಉಪ್ಪೆಸ್ರು, ಪಕ್ಕದಲ್ಲಿ ಅರೆದ ಖಾರ, ಸೊಪ್ಪಿನ ಪಲ್ಯ, ಕೊನೇಲಿ ಮಜ್ಜಿಗೆ. ಅರಮನೆ ನೋಡಿ ಬಂದವ್ರಿಗೆ ಹೋಳಿಗೆ ಮಾಡ್ದೆ ಮುದ್ದೆ ಹಾಕ್ತೀಯಲ್ಲೇ ಅಂತ ನಂಗೆ ಬೈತಾನೇ ಬಡಿಸ್ತಾರೆ. "ಜಗೀಬೇಡಿ ಕಣವ್ವ, ನುಂಗಿ" ಅಂತ ಪ್ರತೀ ಸಲ ಹೇಳ್ಬೇಕು. ಹುಬ್ಬಳ್ಳಿ ಅಜ್ಜಿ ಎರಡ್ನೇ ಸಲ ಮೊಮ್ಮಕ್ಕಳ ಜೊತೆ ಬಂದಿದ್ರಲ್ಲ, ಆಗ ಅವರು ಜಗಿದೇ ತಿಂದ್ರು, ರೊಟ್ಟಿ ಇಲ್ಲೇನವಾ ಅಂತ ಬೇರೆ ಕೇಳಿದ್ರು.

ಊಟ ಆದ್ಮೇಲೆ ಒಂದು ಗಂಟೆ ರೆಸ್ಟ್, ಅಲ್ಲೇ ಜಗುಲಿ ಮೇಲೆ. ನಾಲ್ಕರ ಮೇಲೆ ಸೇಂಟ್ ಫಿಲೋಮಿನಾ ಚರ್ಚ್, 175 ಅಡಿಯ ಜೋಡಿ ಗೋಪುರ. ಒಳಗೆ ಬಣ್ಣದ ಗಾಜು ನೋಡಿ ಬರೋದು, ಅಷ್ಟೇ.

ವಾಪಸ್ ಬರ್ತಾ ಸಯ್ಯಾಜಿರಾವ್ ರೋಡಲ್ಲಿ ಮೈಸೂರ್ ಪಾಕ್. ಅರಮನೆ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಲಿ ಹುಟ್ಟಿದ್ದು ಅಂತ ಊರೆಲ್ಲ ಹೇಳುತ್ತೆ. ನಾನು ತುಂಡು ಮುರಿದು ಒಳಗಿನ ತೂತು ತೋರಿಸ್ತೀನಿ. ಪಾಕದಲ್ಲಿ ಕಡ್ಲೆಹಿಟ್ಟು ಬೇಯ್ತಾ ಇರೋವಾಗ ಕುದಿಯೋ ತುಪ್ಪ ಸುರಿದ್ರೆ ಉಬ್ಬಿ ಹಾಗಾಗೋದು. ಬೆಣ್ಣೆ ತರ ಕರಗೋದು ಈಗಿನ ಫ್ಯಾಷನ್, ನಂಗೆ ತೂತು ಇರೋದೇ ಇಷ್ಟ.

ಭಾನುವಾರ ಯಾಕೆ ಅಂದ್ರೆ ಸಂಜೆ ಏಳಕ್ಕೆ ಅರಮನೆ ದೀಪ ಹಾಕ್ತಾರೆ, ಸುಮಾರು 97,000 ಬಲ್ಬು. ಏಳಕ್ಕೆ ಐದು ನಿಮಿಷ ಇರೋವಾಗ್ಲೇ ಮಾತು ನಿಲ್ಲಿಸ್ತೀನಿ. ಒಂದೇ ಸಲ ಹತ್ಕೊಂಡಾಗ ಎಲ್ರೂ ಹೋ ಅಂತಾರೆ. ಅಜ್ಜಿ ಮಾತ್ರ ಸ್ವಲ್ಪ ಹೊತ್ತು ನೋಡಿ, ಮೈಸೂರ್ ಪಾಕ್ ಪೊಟ್ಟಣ ಬಿಚ್ಚಿ ನನ್ ಕೈಗೆ ಒಂದು ತುಂಡು ಇಟ್ಟು, "ಕರೆಂಟ್ ಬಿಲ್ ಯಾರ್ ಕಟ್ತಾರವಾ?" ಅಂದ್ರು.