ಬೆಳಗಿನ ಜಾವದ ಕನಸನ್ನು ಹಿಡಿಯುವುದು ಹೇಗೆ, ಓದುವುದು ಹೇಗೆ

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಅನ್ನುವ ಮಾತನ್ನು ಮಂಗಳೂರು, ಉಡುಪಿಯ ಮನೆಗಳಲ್ಲಿ ಕೇಳದವರಿಲ್ಲ. ನಿಜವಾಗುವ ಮಾತು ಹಾಗಿರಲಿ, ನೆನಪಿನಲ್ಲಿ ಉಳಿಯುವುದು ಹೆಚ್ಚಾಗಿ ಆ ಹೊತ್ತಿನ ಕನಸೇ. ಇದಕ್ಕೆ ಕಾರಣವಿದೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನೆಥಾನಿಯಲ್ ಕ್ಲೈಟ್‌ಮನ್, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುವ ನಿದ್ದೆಯ ಹಂತವೊಂದನ್ನು ಗುರುತಿಸಿದರು. ಅದೇ ರೆಮ್ ನಿದ್ದೆ. ಆ ಹಂತದಲ್ಲಿ ಹತ್ತು ಸಲ ಎಬ್ಬಿಸಿದರೆ ಸುಮಾರು ಎಂಟು ಸಲ ಕನಸು ಸಿಗುತ್ತದೆ. ಉಳಿದ ಹಂತಗಳಲ್ಲೂ ಕನಸುಂಟು, ಆದರೆ ಅಷ್ಟು ಬಣ್ಣ, ಅಷ್ಟು ಕಥೆ ಇರುವುದು ಕಡಿಮೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ರಾತ್ರಿಗೆ ನಾಲ್ಕೈದು ಸುತ್ತು. ಮೊದಲ ಸುತ್ತಿನ ರೆಮ್ ಹತ್ತು ನಿಮಿಷದೊಳಗೇ ಮುಗಿಯಬಹುದು. ಕೊನೆಯದು ಅರ್ಧ ಗಂಟೆ ದಾಟುತ್ತದೆ. ರಾತ್ರಿ 11ಕ್ಕೆ ಮಲಗುವವರಿಗೆ ಆ ಉದ್ದದ ತುಂಡು ಬರುವುದು ಬೆಳಿಗ್ಗೆ 4ರಿಂದ 6ರ ನಡುವೆ. ಇಡೀ ರಾತ್ರಿ ಯಕ್ಷಗಾನ ನೋಡಿ ಬೆಳಿಗ್ಗೆ ಮನೆಗೆ ಬಂದು ಮಲಗಿದವರಿಗೆ ಕನಸು ಬೇಗ ಮುತ್ತುವುದೂ ಇದಕ್ಕೇ. ರೆಮ್ ನಿದ್ದೆಯ ಒತ್ತಡ ದೇಹದ ಗಡಿಯಾರದಲ್ಲಿ ಆ ಹೊತ್ತಿಗೆ ಏರಿರುತ್ತದೆ.

ಇಲ್ಲಿ ಹೇಳಹೊರಟಿರುವುದು ಮೂವತ್ತು ದಿನದ ಕೆಲಸ: ಕನಸನ್ನು ಬರೆದಿಡುವುದು, ಆಮೇಲೆ ಅದರ ಅರ್ಥವನ್ನು ಫಲ ಹೇಳುವ ಪಟ್ಟಿಯಲ್ಲಿ ಹುಡುಕದೆ ನಿಮ್ಮ ದಿನಗಳಲ್ಲೇ ಹುಡುಕುವುದು.

ಬೇಕಾಗುವ ಸಾಮಾನು

ನೂರು ಪುಟದ ಗೆರೆಯ ಪುಸ್ತಕ, ಎರಡು ಪೆನ್ಸಿಲ್, ಮಂದ ಹಳದಿ ದೀಪ. ಪೆನ್ನು ಬೇಡ. ಬಾಲ್ ಪೆನ್ನು ಮಲಗಿಕೊಂಡು ಮೇಲ್ಮುಖ ಹಿಡಿದರೆ ಬರೆಯುವುದಿಲ್ಲ. ಜೆಲ್ ಪೆನ್ನಿನ ಶಾಯಿ ಮಳೆಗಾಲದ ತೇವ ಹಿಡಿದ ಕಾಗದದಲ್ಲಿ ಹರಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕವನ್ನು ದಿಂಬಿನ ಕೆಳಗೆ ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಕೈಗೆಟಕುವ ಸ್ಟೂಲಿನ ಮೇಲೆ, ಪೆನ್ಸಿಲನ್ನು ಖಾಲಿ ಪುಟಕ್ಕೇ ಸಿಕ್ಕಿಸಿ ಇಡಿ. ಕತ್ತಲಲ್ಲಿ ಪುಟ ಹುಡುಕುವ ಹತ್ತು ಸೆಕೆಂಡಿನಲ್ಲೇ ಕನಸು ಜಾರುತ್ತದೆ.

ಮೊಬೈಲಿನಲ್ಲಿ ಟೈಪ್ ಮಾಡಬಹುದಲ್ಲ ಎಂದರೆ, ಬೇಡ. ಪರದೆ ಬೆಳಗಿದೊಡನೆ ನಾಲ್ಕು ವಾಟ್ಸಾಪ್ ಸಂದೇಶ ಕಾಣುತ್ತವೆ, ಅಲ್ಲಿಗೆ ಮುಗಿಯಿತು. ಬರೆಯಲು ಆಗದವರು ದನಿ ಮುದ್ರಿಸಿಕೊಳ್ಳಬಹುದು. ಆದರೆ ಅದೇ ದಿನ ಮಧ್ಯಾಹ್ನದೊಳಗೆ ಕೇಳಿ ಬರೆದುಕೊಳ್ಳಬೇಕು. ನಿದ್ದೆಗಣ್ಣಿನ ಗೊಣಗಾಟ ಮರುದಿನಕ್ಕೆ ನಿಮಗೇ ಅರ್ಥವಾಗುವುದಿಲ್ಲ.

ಮಲಗುವ ಮುನ್ನ

ಪುಟದ ಮೇಲ್ಭಾಗದಲ್ಲಿ ತಾರೀಖು, ಅದರ ಕೆಳಗೆ ಆ ದಿನದ ಬಗ್ಗೆ ಎರಡು ಸಾಲು ಬರೆಯಿರಿ: ಯಾರನ್ನು ಕಂಡಿರಿ, ಏನು ಕಾಡಿತು, ಎಲ್ಲಿಗೆ ಹೋದಿರಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ತಿಂಗಳ ಕೊನೆಗೆ ನಿಮ್ಮ ಕೈಯಲ್ಲಿರುವುದು ಬರೀ ವಿಚಿತ್ರ ಕಥೆಗಳ ಕಂತೆ.

ಏಳು ಗಂಟೆಗಿಂತ ಕಡಿಮೆ ಮಲಗಬೇಡಿ. ಐದೇ ಗಂಟೆ ಮಲಗಿ ಎದ್ದವರು ನಿದ್ದೆಯಲ್ಲಿ ಎರಡೇ ಗಂಟೆ ಕಳೆದುಕೊಂಡಂತೆ ಕಂಡರೂ, ಕನಸಿನ ಪಾಲಿನಲ್ಲಿ ದೊಡ್ಡ ತುಂಡನ್ನೇ ಕಳೆದುಕೊಂಡಿರುತ್ತಾರೆ. ರಾತ್ರಿ ಮದ್ಯ ಕುಡಿದರೆ ಮೊದಲರ್ಧದ ರೆಮ್ ತಗ್ಗುತ್ತದೆ, ಅಮಲು ಇಳಿದ ಮೇಲೆ ಕೊನೆಯರ್ಧದಲ್ಲಿ ಅದು ನುಗ್ಗಿ ಬಂದು ನಿದ್ದೆ ಒಡೆಯುತ್ತದೆ. ಸಂಜೆ 5ರ ಮೇಲೆ ಕಾಫಿಯೂ ಬೇಡ. ಏಪ್ರಿಲ್, ಮೇ ತಿಂಗಳ ಸೆಕೆಗೆ ಫ್ಯಾನ್ ಇರಲೇಬೇಕು. ರೆಮ್ ನಿದ್ದೆಯಲ್ಲಿ ದೇಹ ತನ್ನ ಉಷ್ಣವನ್ನು ಸರಿದೂಗಿಸುವ ಕೆಲಸವನ್ನು ಬಹುಪಾಲು ನಿಲ್ಲಿಸಿರುತ್ತದೆ, ಹಾಗಾಗಿ ಬಿಸಿಯಾದ ಕೋಣೆಯಲ್ಲಿ ಆ ಹಂತವೇ ತುಂಡಾಗುತ್ತದೆ.

ಎಚ್ಚರವಾದ ಮೊದಲ ನಿಮಿಷ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ರೆಮ್ ಹಂತದಲ್ಲಿ ನೆನಪನ್ನು ಗಟ್ಟಿಮಾಡಲು ನೆರವಾಗುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಅತಿ ಕಡಿಮೆ ಇರುತ್ತದೆ. ಕನಸು ನೀರಿನ ಮೇಲೆ ಬರೆದಂತೆ ಅಳಿಯುವುದಕ್ಕೆ ಇದೂ ಒಂದು ಕಾರಣ. ಅದನ್ನು ಉಳಿಸಿಕೊಳ್ಳಬೇಕಾದರೆ ಎಚ್ಚರದ ನೆನಪಿಗೆ ಕೂಡಲೇ ದಾಟಿಸಬೇಕು.

ಕಣ್ಣು ತೆರೆಯಬೇಡಿ. ಮಗ್ಗುಲು ಬದಲಿಸಬೇಡಿ. ಇವತ್ತು ಯಾವ ವಾರ, ಎಷ್ಟು ಗಂಟೆ ಎಂದು ಯೋಚಿಸಬೇಡಿ. ಈಗ ಎಲ್ಲಿದ್ದೆ ಎಂದು ಒಂದೇ ಪ್ರಶ್ನೆ ಕೇಳಿಕೊಳ್ಳಿ. ಸಿಕ್ಕಿದ್ದು ಕನಸಿನ ಬಾಲವಾಗಿರುತ್ತದೆ, ತಲೆಯಲ್ಲ. ಅದನ್ನು ಹಿಡಿದು ಹಿಂದಕ್ಕೆ ಹೋಗಿ: ಇದಕ್ಕೆ ಮೊದಲು ಏನಾಯಿತು, ಅದಕ್ಕೂ ಮೊದಲು? ಚಿತ್ರ ಏನೂ ಸಿಗದಿದ್ದರೆ ಮೈಯನ್ನು ಕೇಳಿ: ಗಾಬರಿಯೇ, ನಾಚಿಕೆಯೇ, ಹಗುರವೇ? ಭಾವ ಚಿತ್ರಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಅದರ ಬೆನ್ನಿಗೇ ಚಿತ್ರವೂ ಬರುವುದುಂಟು. ಆ ಮಗ್ಗುಲಲ್ಲಿ ಸಿಕ್ಕಷ್ಟು ಸಿಕ್ಕಿದ ಮೇಲೆ ಮೆಲ್ಲನೆ ಇನ್ನೊಂದು ಮಗ್ಗುಲಿಗೆ ಹೊರಳಿ ನೋಡಿ, ಕೆಲವೊಮ್ಮೆ ಮರೆತ ಇನ್ನೊಂದು ಕನಸೇ ತಲೆ ಎತ್ತುತ್ತದೆ.

ಆಮೇಲೆ ಪೆನ್ಸಿಲ್. ಮೊದಲು ಐದಾರು ಬಿಡಿ ಪದಗಳನ್ನು ಒಂದರ ಕೆಳಗೊಂದು ಗೀಚಿ, ಕಥೆ ಆಮೇಲೆ. ವರ್ತಮಾನ ಕಾಲದಲ್ಲಿ ಬರೆಯಿರಿ. ‘ಓಡುತ್ತಿದ್ದೇನೆ’ ಎಂದು ಬರೆದಾಗ ಸಿಗುವ ವಿವರ ‘ಓಡಿದೆ’ ಎಂದಾಗ ಸಿಗುವುದಿಲ್ಲ. ಕನಸಿನಲ್ಲಿ ಮಾತು ತುಳುವಿನಲ್ಲಿ ಬಂದಿದ್ದರೆ ತುಳುವಿನಲ್ಲೇ ಬರೆಯಿರಿ. ಕೊಂಕಣಿಯಾಗಲಿ ಬ್ಯಾರಿಯಾಗಲಿ, ಕನ್ನಡ ಲಿಪಿಯಲ್ಲಿ ಹಾಗೆಯೇ ಇಳಿಸಿ. ಕನ್ನಡಕ್ಕೆ ತಿರುಗಿಸುವಾಗ ಮಾತಿನ ಸಲಿಗೆ, ಗದರಿಕೆ ಎರಡೂ ಸೋರಿಹೋಗುತ್ತವೆ.

ಎಚ್ಚರದ ಮನಸ್ಸು ಕನಸನ್ನು ಇಸ್ತ್ರಿ ಮಾಡಲು ಹೊರಡುತ್ತದೆ, ಅದನ್ನು ತಡೆಯಿರಿ. ‘ಅವರು ಅಮ್ಮನೂ ಹೌದು, ಶಾಲೆಯ ಟೀಚರೂ ಹೌದು’ ಎಂದಿದ್ದರೆ ಇಬ್ಬರನ್ನೂ ಉಳಿಸಿ. ರೆಮ್ ನಿದ್ದೆಯಲ್ಲಿ ತರ್ಕ, ತೀರ್ಮಾನ ನೋಡಿಕೊಳ್ಳುವ ಹಣೆಯ ಹಿಂಭಾಗದ ಮೆದುಳು ತಣ್ಣಗಿರುತ್ತದೆ, ಭಯ ಮತ್ತು ಭಾವದ ಕೇಂದ್ರವಾದ ಅಮಿಗ್ಡಲಾ ಚುರುಕಾಗಿರುತ್ತದೆ. ಅಸಂಗತವಾದದ್ದು ಆಗ ಸಹಜವೆನಿಸುವುದು ಇದರಿಂದ. ಅದನ್ನು ತಿದ್ದಿದರೆ ಕನಸಿನ ಗುರುತೇ ಅಳಿಸಿಹೋಗುತ್ತದೆ.

ಮಾದರಿಗೆ ಒಂದು ಪುಟ ಹೀಗಿರಬಹುದು (ಕೊನೆಯ ‘ಭಾವದ ತೂಕ’ ಎಂದರೆ ಭಾವ ಎಷ್ಟು ಜೋರಾಗಿತ್ತು ಎಂಬುದಕ್ಕೆ 5ರಲ್ಲಿ ನೀವೇ ಕೊಡುವ ಅಂಕ):

“ಬೆಳಿಗ್ಗೆ 5:40. ಅಂಗಳ. ಬಂಗುಡೆ. ಬಸ್ಸು. ನೀರು. ನಾಚಿಕೆ. — ಅಜ್ಜಿಮನೆಯ ಅಂಗಳ, ಆದರೆ ಅಡಿಕೆಯ ಬದಲು ಬಂಗುಡೆ ಒಣಹಾಕಿದ್ದಾರೆ. ನನಗೆ ಪರೀಕ್ಷೆ ಇದೆ. ಬಸ್ಸು ಗೇಟಿನ ಹತ್ತಿರವೇ ನಿಂತಿದೆ, ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಮೀನು ತುಳಿಯದೆ ದಾಟಲು ಆಗುತ್ತಿಲ್ಲ. ಕಾಲಿಗೆ ನೀರು ಬೀಳುತ್ತಿದೆ. ಎಲ್ಲರೂ ನೋಡುತ್ತಿದ್ದಾರೆ. ಭಾವದ ತೂಕ: 5ರಲ್ಲಿ 4.”

ಮೇಲಿನ ಎರಡು ಸಾಲಿನಲ್ಲಿ ಹಿಂದಿನ ದಿನದ ವಿವರ: “ಕಚೇರಿಯಲ್ಲಿ ಹೊಸ ಮ್ಯಾನೇಜರ್ ಎದುರು ಲೆಕ್ಕ ತಪ್ಪಿತು. ಅಮ್ಮ ಫೋನಿನಲ್ಲಿ ಅಜ್ಜಿಮನೆ ಮಾರುವ ಮಾತೆತ್ತಿದರು.” ಕಾಲಿನ ನೀರು? ಹಂಚಿನ ಮಾಡು ಸೋರಿ ಹಾಸಿಗೆಯ ತುದಿ ಒದ್ದೆಯಾಗಿತ್ತು. ಮಲಗಿದವರ ಮೈಮೇಲೆ ಬಿದ್ದ ನೀರಿನ ಹನಿ ಕನಸಿನೊಳಗೆ ಸೇರಿಕೊಳ್ಳುವುದನ್ನು ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ 1958ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದರು. ಒಂದೇ ಕನಸಿನಲ್ಲಿ ಮಾಡಿನ ಸೋರಿಕೆ, ಆಫೀಸಿನ ಅವಮಾನ, ಮನೆ ಕಳೆದುಕೊಳ್ಳುವ ಸಂಕಟ ಮೂರೂ ಹೆಣೆದುಕೊಂಡಿವೆ. ದಿನದ ಸಾಲು ಇಲ್ಲದಿದ್ದರೆ ಬಂಗುಡೆಗೆ ಯಾವುದೋ ಫಲ ಹುಡುಕುತ್ತಾ ಕೂರಬೇಕಿತ್ತು.

ಏನೂ ಸಿಗದಿದ್ದರೆ

ಮೊದಲ ವಾರ ಖಾಲಿ ಹೋಗುವುದು ಸಾಮಾನ್ಯ. ಖಾಲಿ ಎಂದೇ ಬರೆಯಿರಿ. ಕಿವಿಗೆ ಬಡಿಯುವ ಅಲಾರಂ ಇದ್ದರೆ ಅದನ್ನು ಕಂಪನಕ್ಕೆ ಬದಲಿಸಿ. ರಜೆಯ ದಿನ ಎಂದಿನ ಹೊತ್ತಿಗಿಂತ 30 ನಿಮಿಷ ಮೊದಲು ಎದ್ದು ನೋಡಿ, ಕೊನೆಯ ರೆಮ್ ನಡುವೆ ಎಚ್ಚರವಾಗುವ ಸಾಧ್ಯತೆ ಹೆಚ್ಚು. 90 ನಿಮಿಷದ ಮಗ್ಗಿ ಹಾಕಿ ಅಲಾರಂ ಇಡುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಒಂದು ಸುತ್ತು 70 ನಿಮಿಷವೂ ಆಗಬಹುದು, 120ವರೆಗೂ ಹೋಗಬಹುದು. ಖಿನ್ನತೆಗೆ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆಗಳು ರೆಮ್ ನಿದ್ದೆಯನ್ನು ತಗ್ಗಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್‌ನಂಥ ಮಾತ್ರೆಗಳಿಂದ ಕೆಲವರಿಗೆ ಕೆಟ್ಟ ಕನಸು ಬೀಳುತ್ತದೆ. ಪುಸ್ತಕದಲ್ಲಿ ಗುರುತು ಮಾಡಿಕೊಂಡು ವೈದ್ಯರಿಗೆ ತೋರಿಸಿ. ಕನಸಿಗೋಸ್ಕರ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.

ಇದಕ್ಕೆ ತಿರುಗಾಮುರುಗಾ, ರಾತ್ರಿಗೆ ಮೂರು ಸಲ ಎದ್ದು ಬರೆಯುವ ಹುಚ್ಚು ಹತ್ತಿದರೆ ಒಂದು ವಾರ ಪುಸ್ತಕ ಮುಚ್ಚಿಡಿ. ನಿದ್ದೆ ಕೆಡಿಸಿಕೊಂಡು ಕನಸು ಕೂಡಿಡುವುದು ತಪ್ಪು.

ಮೂವತ್ತನೆಯ ದಿನ

ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಎಣಿಸಲು ಕೂರಿ. ಕ್ಯಾಲ್ವಿನ್ ಹಾಲ್ ಮತ್ತು ರಾಬರ್ಟ್ ವ್ಯಾನ್ ಡಿ ಕ್ಯಾಸಲ್ 1966ರಲ್ಲಿ ಕನಸಿನ ವಿವರಗಳನ್ನು ಎಣಿಸುವ ಪದ್ಧತಿಯೊಂದನ್ನು ರೂಪಿಸಿದರು. ಅದರ ಸರಳ ರೂಪ ಮನೆಗೆ ಸಾಕು: ಯಾರು ಯಾರು ಎಷ್ಟು ಸಲ ಬಂದರು, ಯಾವ ಜಾಗ, ಯಾರು ಯಾರ ಮೇಲೆ ಸಿಟ್ಟಾದರು, ಭಾವದ ತೂಕ 4 ದಾಟಿದ್ದು ಯಾವಾಗ. ಆಮೇಲೆ ಪ್ರತಿ ಕನಸಿನಿಂದ ಹಿಂದಕ್ಕೆ ಒಂದೆರಡು ದಿನದ ಸಾಲುಗಳನ್ನು ನೋಡಿ, ಹಾಗೆಯೇ ಐದರಿಂದ ಏಳು ದಿನ ಹಿಂದಿನದನ್ನೂ ನೋಡಿ. ಅನುಭವಗಳು ಕನಸಿಗೆ ಬರುವುದು ಈ ಎರಡು ಅಲೆಗಳಲ್ಲಿ ಎಂದು ಹಲವು ಅಧ್ಯಯನಗಳು ಕಂಡಿವೆ.

ಹಾವಿನ ವಿಷಯ ನಮ್ಮೂರಿನಲ್ಲಿ ಹಗುರದ್ದಲ್ಲ. ನಾಗಬನವಿರುವ ಮನೆತನದವರ ಕನಸಿಗೆ ಹಾವು ಬಂದರೆ ಮನೆಯವರೆಲ್ಲ ಕೂತು ಮಾತಾಡುತ್ತಾರೆ. ನಂಬಿಕೆಯಂತೆ ನಡೆಯುವವರು ನಡೆಯಲಿ. ಪುಸ್ತಕದಲ್ಲಿ ಮಾತ್ರ ಈ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಆ ವಾರ ತೋಟದಲ್ಲಿ ಹಾವು ಕಂಡಿತ್ತೇ? ನಾಗರಪಂಚಮಿ ಹತ್ತಿರವಿತ್ತೇ? ಬನವಿರುವ ಜಾಗದ ಪಾಲಿನ ಜಗಳ ಮನಸ್ಸಿನಲ್ಲಿ ಕುದಿಯುತ್ತಿತ್ತೇ? ಮೂವರ ಕನಸಿಗೂ ಒಂದೇ ಹಾವು ಬರಬಹುದು, ಆದರೆ ಮೂರೂ ಬೇರೆ ಬೇರೆ. ಎಲ್ಲರಿಗೂ ಒಂದೇ ಫಲ ಹೇಳುವ ಪಟ್ಟಿ ಸೋಲುವುದು ಇಲ್ಲೇ.

ಪಾಜಕದಲ್ಲಿ ಹುಟ್ಟಿ ಉಡುಪಿಯನ್ನು ಬೆಳಗಿದ ಮಧ್ವಾಚಾರ್ಯರು 13ನೇ ಶತಮಾನದಲ್ಲಿ ಕನಸು ಸುಳ್ಳಲ್ಲ ಎಂದರು. ಮನಸ್ಸಿನಲ್ಲಿ ಉಳಿದ ವಾಸನೆಗಳನ್ನೇ, ಅಂದರೆ ಹಿಂದಿನ ಅನುಭವಗಳ ಅಚ್ಚುಗಳನ್ನೇ, ಸಾಮಗ್ರಿಯಾಗಿ ಬಳಸಿ ಭಗವಂತ ಅದನ್ನು ಸೃಷ್ಟಿಸುತ್ತಾನೆ, ಅದನ್ನು ಎಚ್ಚರದ ಲೋಕದ ವಸ್ತು ಎಂದು ತಿಳಿಯುವುದಷ್ಟೇ ಭ್ರಮೆ ಎಂಬುದು ಅವರ ನಿಲುವು. ಪ್ರಯೋಗಾಲಯದ ದಾರಿ ಬೇರೆ. 1977ರಲ್ಲಿ ಅಲನ್ ಹಾಬ್ಸನ್ ಮತ್ತು ರಾಬರ್ಟ್ ಮೆಕಾರ್ಲಿ, ಮೆದುಳಿನ ಕಾಂಡದಿಂದ ಏಳುವ ಸಂಕೇತಗಳಿಗೆ ಮೇಲಿನ ಮೆದುಳು ಕಥೆ ಹೊಸೆಯುತ್ತದೆ ಎಂದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಕನಸಿನ ಸಾಮಗ್ರಿ ನಮ್ಮದೇ ನೆನಪು ಎಂಬಲ್ಲಿ ಎರಡು ದಾರಿಯೂ ಹತ್ತಿರ ಬರುತ್ತವೆ. ಪುಸ್ತಕ ಓದುವವರಿಗೆ ಅಷ್ಟು ಸಾಕು.

ಕೆಟ್ಟ ಕನಸು ಮರಳಿ ಮರಳಿ ಬಂದರೆ

ಅದನ್ನು ಹಗಲಿನಲ್ಲಿ ಬದಲಿಸಬಹುದು. ಅತಿ ಭಯಂಕರವಾದದ್ದನ್ನು ಬಿಟ್ಟು ನಡುಮಟ್ಟದ ಒಂದನ್ನು ಆರಿಸಿ ಬರೆಯಿರಿ. ನಿಮಗೆ ಸರಿ ಕಂಡ ಕಡೆ ಕಥೆಯನ್ನು ತಿರುಗಿಸಿ: ಮಲ್ಪೆಯ ದೋಣಿ ಮಗುಚುವ ಕನಸಾದರೆ, ನೀರು ಸೊಂಟದಷ್ಟೇ ಆಳವಾಗಲಿ, ದಡದಲ್ಲಿರುವವರು ಹಗ್ಗ ಎಸೆಯಲಿ. ಹೊಸ ಕನಸನ್ನು ದಿನಕ್ಕೆ 10ರಿಂದ 20 ನಿಮಿಷ, ಕೂತುಕೊಂಡು, ಪೂರ್ತಿ ಎಚ್ಚರದಲ್ಲಿ, ಚಿತ್ರವಾಗಿ ನೋಡಿ. ಹಳೆಯದನ್ನು ಮತ್ತೆ ಓದಬೇಡಿ. ವಾರಕ್ಕೆ ಎರಡಕ್ಕಿಂತ ಹೆಚ್ಚು ಕನಸು ಎತ್ತಿಕೊಳ್ಳಬೇಡಿ. ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಧಾನದಿಂದ ದುಃಸ್ವಪ್ನ ಕಡಿಮೆಯಾಗಿತ್ತು. ಅಪಘಾತ, ಸಾವು, ಹಿಂಸೆಯನ್ನು ಕಂಡವರು ಒಬ್ಬರೇ ಮಾಡದೆ ಮನೋವೈದ್ಯರ ಜೊತೆ ಮಾಡಬೇಕು. ಟೆಲಿ ಮಾನಸ್ ಸಹಾಯವಾಣಿ 14416.

ಎಚ್ಚರವಾಗಿದೆ, ಕೈಕಾಲು ಆಡುತ್ತಿಲ್ಲ, ಎದೆಯ ಮೇಲೆ ಯಾರೋ ಕೂತಂತಿದೆ ಎಂದರೆ ಅದು ನಿದ್ರಾ ಪಾರ್ಶ್ವವಾಯು. ರೆಮ್ ನಿದ್ದೆಯಲ್ಲಿ ಮೆದುಳಿನ ಕಾಂಡ ಸ್ನಾಯುಗಳಿಗೆ ಹಾಕುವ ಕಟ್ಟು, ಎಚ್ಚರವಾದ ಮೇಲೂ ಬಿಚ್ಚದೆ ಉಳಿದಿರುತ್ತದೆ. ಕೆಲವು ಸೆಕೆಂಡಿನಿಂದ ಕೆಲವು ನಿಮಿಷದಲ್ಲಿ ತಾನಾಗಿ ಬಿಡುತ್ತದೆ. ಏಳಲು ಒದ್ದಾಡದೆ ಕಾಲಿನ ಹೆಬ್ಬೆರಳೊಂದನ್ನೇ ಅಲ್ಲಾಡಿಸಲು ನೋಡಿ. ಅಂಗಾತ ಮಲಗಿದಾಗ ಇದು ಹೆಚ್ಚು, ಮಗ್ಗುಲಾಗಿ ಮಲಗಿ. ಇದರ ಜೊತೆಗೆ ಹಗಲಿನಲ್ಲಿ ತಡೆಯಲಾರದ ನಿದ್ದೆ ಬರುತ್ತಿದ್ದರೆ ವೈದ್ಯರನ್ನು ಕಾಣಿ.

ಆ ಕಟ್ಟು ಹಾಕಬೇಕಾದಾಗ ಹಾಕದೆ ಹೋಗುವುದು ಇನ್ನೂ ಗಂಭೀರ. ಐವತ್ತು ದಾಟಿದವರು, ಅದರಲ್ಲೂ ಗಂಡಸರು, ಕನಸಿನಲ್ಲಿ ಹೊಡೆದಾಡುತ್ತಾ ನಿಜಕ್ಕೂ ಕೈ ಬೀಸುವುದು, ಒದೆಯುವುದು, ಮಂಚದಿಂದ ಬೀಳುವುದು ಶುರುವಾದರೆ ಉದಾಸೀನ ಮಾಡಬೇಡಿ. ಕೆಲವರಲ್ಲಿ ಇದು ಪಾರ್ಕಿನ್ಸನ್ ಕಾಯಿಲೆಗೆ ವರ್ಷಗಳ ಮೊದಲೇ ಕಾಣುವ ಗುರುತು. ಮಂಗಳೂರು, ದೇರಳಕಟ್ಟೆ, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ನರರೋಗ ತಜ್ಞರಿದ್ದಾರೆ. ಅವರನ್ನು ಕಾಣುವವರೆಗೆ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಪಕ್ಕದ ಸ್ಟೂಲು, ಗಾಜಿನ ಲೋಟ, ಟೇಬಲ್ ಫ್ಯಾನನ್ನು ದೂರ ಸರಿಸಿ. ಹೋಗುವಾಗ ಕನಸಿನ ಪುಸ್ತಕ ಕೈಯಲ್ಲಿರಲಿ, ಪಕ್ಕದಲ್ಲಿ ಮಲಗುವವರೂ ಜೊತೆಗಿರಲಿ. ರಾತ್ರಿ ಏನಾಯಿತು, ಎಷ್ಟು ಗಂಟೆಗೆ, ವಾರಕ್ಕೆ ಎಷ್ಟು ಸಲ ಎಂದು ಹೇಳಬಲ್ಲವರು ಅವರೇ.