ಕೋವಿ ಲೈಸೆನ್ಸ್: ಅರ್ಜಿ ಮುಗ್ಗರಿಸುವುದು ‘ಕಾರಣ’ದ ಕಾಲಂನಲ್ಲೇ

ಒಂಟಿ ಮನೆ, ಸುತ್ತ ಅಡಿಕೆ ತೋಟ, ಪೊಲೀಸ್ ಠಾಣೆ ಎಲ್ಲೋ ದೂರದ ಪೇಟೆಯಲ್ಲಿ. ಹೀಗೆ ಬದುಕುವವರು ಕೋವಿ ಲೈಸೆನ್ಸಿಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ಡಿಸಿ ಕಚೇರಿಗೆ ಅಲೆದು, ಕೊನೆಗೆ ಎರಡು ಸಾಲಿನ ತಿರಸ್ಕಾರ ಪತ್ರ ಹಿಡಿದು ಬರುವುದನ್ನು ನೋಡಿ ಸಾಕಾಗಿದೆ. ಅರ್ಜಿಯ ನಕಲು ತೆಗೆಸಿ ನೋಡಿದರೆ ತಪ್ಪು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ಆ ಜಾಗಕ್ಕೆ ಬರುವ ಮೊದಲು ಒಂದೆರಡು ಮಾತು.

ನಮ್ಮಲ್ಲಿ ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ. ಅಮೆರಿಕದಲ್ಲಿ ಸಂವಿಧಾನದ ಎರಡನೇ ತಿದ್ದುಪಡಿ ಅದನ್ನು ಹಕ್ಕಾಗಿಸಿದೆ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಅದು ಸರ್ಕಾರ ಕೊಡುವ ಅನುಮತಿ ಮಾತ್ರ. ಕೊಡವರು ಮತ್ತು ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಉಳಿದವರೆಲ್ಲ ಸಾಲಿನಲ್ಲಿ ನಿಲ್ಲಲೇಬೇಕು.

ಮೊದಲ ಹೆಜ್ಜೆ, ಯಾವ ಆಯುಧ ಕೇಳಬೇಕು ಎಂಬುದು. ಸಿನಿಮಾ ನೋಡಿದವರೆಲ್ಲ ಪಿಸ್ತೂಲು ಬೇಕು ಎನ್ನುತ್ತಾರೆ. ಬೇಡ. ಕಾಯ್ದೆಯ 13ನೇ ಸೆಕ್ಷನ್ ಓದಿ: ರಕ್ಷಣೆಗಾಗಿ 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನಯನಳಿಕೆ (ಒಳಗೆ ಸುರುಳಿ ಗೀರಿಲ್ಲದ) ಬಂದೂಕು, ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಇವೆರಡನ್ನು ಕೇಳಿದ ನಾಗರಿಕನಿಗೆ ತಿರಸ್ಕರಿಸುವ ಕಾರಣ ಇಲ್ಲದಿದ್ದರೆ ಲೈಸೆನ್ಸ್ ಕೊಡಬೇಕು ಎನ್ನುತ್ತದೆ ಕಾನೂನು. ಪಿಸ್ತೂಲು, ರಿವಾಲ್ವರ್, ರೈಫಲ್ ಕೇಳಿದರೆ ‘ತಕ್ಕ ಕಾರಣ ಇದೆ’ ಎಂದು ಅಧಿಕಾರಿಗೆ ಮನದಟ್ಟಾಗಬೇಕು. ಹೊರೆ ಅಲ್ಲಿಂದಲೇ ನಿಮ್ಮ ಹೆಗಲಿಗೆ. ಮನೆ ಕಾಯಲು 12 ಬೋರಿನ ಜೋಡಿ ನಳಿಕೆ ಕೋವಿಯಷ್ಟು ಸರಿಯಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಚ್ಚಿಟ್ಟುಕೊಂಡು ತಿರುಗಲು ಆಗುವುದಿಲ್ಲ, ಅದೇ ಅದರ ದೊಡ್ಡ ಗುಣ.

ಹಾಗೆಯೇ, ಲೈಸೆನ್ಸ್ ಬೇಡವೆಂದು ಆನ್‌ಲೈನಿನಲ್ಲಿ ಏರ್‌ಗನ್ ತರಿಸುವವರಿಗೂ ಒಂದು ಮಾತು. .177 ಇಂಚಿಗಿಂತ ದೊಡ್ಡ ಬೋರು (ನಳಿಕೆಯ ಒಳವ್ಯಾಸ) ಅಥವಾ 20 ಜೂಲ್‌ಗಿಂತ ಹೆಚ್ಚು ಶಕ್ತಿ ಇದ್ದರೆ ಅದಕ್ಕೂ ಲೈಸೆನ್ಸ್ ಬೇಕು. ಅದಕ್ಕಿಂತ ಚಿಕ್ಕದು ಕಳ್ಳನಿಗೆ ಸಿಟ್ಟು ಬರಿಸುತ್ತದೆ, ಅಷ್ಟೇ. ನಾಡಕೋವಿಯ ಸುದ್ದಿಗೆ ಹೋಗಲೇಬೇಡಿ. ಲೈಸೆನ್ಸಿಲ್ಲದ ಬಂದೂಕಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಎರಡು ವರ್ಷ.

ಕಾಗದಪತ್ರ ಸುಲಭ. 21 ತುಂಬಿರಬೇಕು, ಗುರುತು, ವಿಳಾಸ, ಫೋಟೊ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ತೋಟ ಇದ್ದರೆ ಪಹಣಿ. ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿ ಶಿಬಿರ ಮುಗಿಸಿ ಪ್ರಮಾಣಪತ್ರ ಇಟ್ಟುಕೊಳ್ಳಿ. ಅರ್ಜಿ ಕೇಂದ್ರ ಗೃಹ ಸಚಿವಾಲಯದ ಎನ್‌ಡಿಎಎಲ್ (ಶಸ್ತ್ರಾಸ್ತ್ರ ಲೈಸೆನ್ಸ್‌ಗಳ ರಾಷ್ಟ್ರೀಯ ದತ್ತಾಂಶ) ಪೋರ್ಟಲಿನಲ್ಲಿ. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಕಮಿಷನರ್. ‘ನಾನು ಮಾಡಿಸಿಕೊಡ್ತೀನಿ’ ಎನ್ನುವ ಏಜೆಂಟರನ್ನು ಗೇಟಿನಾಚೆಗೇ ನಿಲ್ಲಿಸಿ. ಅವರು ಎಲ್ಲ ಅರ್ಜಿಗೂ ಒಂದೇ ಒಕ್ಕಣೆ ಅಂಟಿಸುತ್ತಾರೆ, ಕಚೇರಿಯವರಿಗೆ ಅದು ಬಾಯಿಪಾಠವಾಗಿರುತ್ತದೆ.

ಈಗ ಆ ಕಾಲಂ. ಲೈಸೆನ್ಸ್ ಏಕೆ ಬೇಕು? ಎಲ್ಲರೂ ಬರೆಯುವುದು ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಪದ. ಇನ್ನು ಕೆಲವರು ‘ಸಮಾಜದಲ್ಲಿ ಗಣ್ಯ ವ್ಯಕ್ತಿಯಾಗಿದ್ದು, ಅಪಾರ ಆಸ್ತಿ ಹೊಂದಿದ್ದು’ ಎಂದು ಶುರುಮಾಡುತ್ತಾರೆ. ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ನೇ ಹೇಳಿದೆ. ಆಸ್ತಿಯ ಪಟ್ಟಿ ಕೊಟ್ಟು ಏನನ್ನು ಸಾಬೀತು ಮಾಡಿದಂತಾಯಿತು? ಓದುವ ಅಧಿಕಾರಿಗೆ ಬೇಕಿರುವುದು ನಿಮ್ಮ ಪರಿಸ್ಥಿತಿ. ಮನೆ ಊರಿನಿಂದ ಎಷ್ಟು ದೂರ, ಪಕ್ಕದ ಮನೆ ಎಲ್ಲಿ, ಠಾಣೆಯಿಂದ ಜೀಪು ಬರಲು ಎಷ್ಟು ಹೊತ್ತು, ಮಳೆಗಾಲದಲ್ಲಿ ರಸ್ತೆಯ ಗತಿ ಏನು, ಫೋನ್ ಸಿಗ್ನಲ್ ಸಿಗುತ್ತದೆಯೇ, ಮನೆಯಲ್ಲಿ ರಾತ್ರಿ ಯಾರು ಯಾರು ಇರುತ್ತಾರೆ. ಆಮೇಲೆ ನಡೆದ ಘಟನೆಗಳು, ತಾರೀಖಿನ ಸಮೇತ. ಕಳವಾಗಿದ್ದರೆ ಎಫ್‌ಐಆರ್ ಸಂಖ್ಯೆ, ಬೆದರಿಕೆ ಬಂದಿದ್ದರೆ ದೂರು ಕೊಟ್ಟ ಸ್ವೀಕೃತಿ. ದೂರೇ ಕೊಡದೆ ‘ಜೀವಭಯವಿದೆ’ ಎಂದರೆ ಯಾರೂ ನಂಬುವುದಿಲ್ಲ, ನಂಬಬಾರದು ಕೂಡ.

ಹೀಗಿರಲಿ ಒಕ್ಕಣೆ: ‘ನಮ್ಮ ಮನೆ ಗ್ರಾಮದಿಂದ ಮೂರು ಕಿ.ಮೀ. ದೂರದಲ್ಲಿದೆ. ಸುತ್ತ ಒಂದು ಕಿ.ಮೀ. ದೂರದವರೆಗೆ ಬೇರೆ ಮನೆ ಇಲ್ಲ. ರಾತ್ರಿ ನಾನು, ನನ್ನ ಪತ್ನಿ ಮತ್ತು ವಯಸ್ಸಾದ ತಾಯಿ ಮಾತ್ರ ಇರುತ್ತೇವೆ. ಇಂಥ ದಿನ ಅಡಿಕೆ ದಾಸ್ತಾನು ಕಳವಾಗಿದ್ದು ಪ್ರಕರಣ ದಾಖಲಾಗಿದೆ. ಪ್ರತಿ ಲಗತ್ತಿಸಿದೆ.’ ಇಷ್ಟೇ ಸಾಕು, ವಿಶೇಷಣ ಬೇಡ. ಬೆಳೆ ರಕ್ಷಣೆಯೂ ನಿಜವಾದ ಕಾರಣವಾದರೆ ಅದನ್ನು ಬೇರೆಯಾಗಿ ಬರೆಯಿರಿ. ಎರಡನ್ನೂ ಕಲಸುಮೇಲೋಗರ ಮಾಡಿದರೆ ಎರಡೂ ಸಡಿಲಾಗುತ್ತವೆ. ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಶಿಕಾರಿಗೆ ಪರವಾನಗಿಯಲ್ಲ ಎಂಬುದೂ ನೆನಪಿರಲಿ. ಮನೆ ಅಭಯಾರಣ್ಯದ 10 ಕಿ.ಮೀ. ಒಳಗಿದ್ದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿಯೂ ಬೇಕು. ಮಲೆನಾಡಿನ ಎಷ್ಟೋ ಅರ್ಜಿಗಳು ಕೂತಲ್ಲೇ ಕೂರಲು ಇದೂ ಒಂದು ಕಾರಣ. ಕಡತ ಎಲ್ಲಿದೆ ಎಂದು ವಿಚಾರಿಸುವಾಗ ಅರಣ್ಯ ಇಲಾಖೆಯನ್ನು ಮರೆಯಬೇಡಿ.

ಮುಂದಿನದು ಪೊಲೀಸ್ ವಿಚಾರಣೆ. ಠಾಣೆಯ ವರದಿ ತರಿಸಿಕೊಳ್ಳದೆ ಲೈಸೆನ್ಸ್ ಆಗುವುದಿಲ್ಲ. ಬೀಟ್ ಪೊಲೀಸರು ಬಂದು ನಿಮ್ಮ ಹತ್ತಿರ ಮಾತಾಡುವುದಕ್ಕಿಂತ ಹೆಚ್ಚು ನೆರೆಯವರ ಹತ್ತಿರ ಮಾತಾಡುತ್ತಾರೆ. ಕುಡಿದು ಗಲಾಟೆ ಮಾಡ್ತಾರಾ? ಗಡಿ ಜಗಳ ಇದೆಯಾ? ಮನೆಯೊಳಗೆ ಹೆಂಡತಿ ಜೊತೆ ಹೇಗಿದ್ದಾರೆ? ದಾಯಾದಿಗಳ ಜೊತೆ ಬೇಲಿ ವ್ಯಾಜ್ಯ ಇದ್ದು ಅದನ್ನು ಮುಚ್ಚಿಟ್ಟರೆ ಅರ್ಜಿ ಅಲ್ಲೇ ಸತ್ತಂತೆ. ಕೇಸಿದ್ದರೆ ನೀವೇ ಅರ್ಜಿಯಲ್ಲಿ ಬರೆದು, ಯಾವ ಹಂತದಲ್ಲಿದೆ ಎಂದು ಹೇಳಿ. ‘ಕೋವಿ ಎಲ್ಲಿಡ್ತೀರಿ ತೋರ್ಸಿ’ ಎನ್ನುತ್ತಾರೆ. ಆಗ ಅಟ್ಟದ ಕಡೆ ಕೈ ತೋರಿಸಬೇಡಿ. ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಬೀರು, ತೋಟೆಗಳಿಗೆ ಬೇರೆ ಬೀಗದ ಪೆಟ್ಟಿಗೆ, ಎರಡರ ಬೀಗದ ಕೈ ಒಂದೇ ಗೊಂಚಲಿನಲ್ಲಿಲ್ಲ ಎಂಬುದನ್ನು ತೋರಿಸಿ. ಅರ್ಜಿ ಹಾಕುವ ಮೊದಲೇ ಬೀರು ತಂದಿಟ್ಟವರ ವಿಚಾರಣೆ ಬೇಗ ಮುಗಿಯುತ್ತದೆ. ಬೆರಳಚ್ಚಿನ ಬೀಗದ ಅಗ್ಗದ ತಗಡಿನ ಪೆಟ್ಟಿಗೆಗಳು ಬಂದಿವೆ. ಹಾರೆಯ ತುದಿಗೆ ಎರಡು ನಿಮಿಷ ತಡೆಯುವುದಿಲ್ಲ, ಕೊಳ್ಳಬೇಡಿ.

ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ಕೇಳಿ. ತಿರಸ್ಕಾರದ ಆದೇಶವಾದ 30 ದಿನದೊಳಗೆ ಮೇಲ್ಮನವಿ. ಹೊಸ ಅರ್ಜಿ ಹಾಕಿ ಮತ್ತೆ ಸಾಲಿನ ತುದಿಗೆ ಹೋಗುವುದು ದಡ್ಡತನ.

ಲೈಸೆನ್ಸ್ ಬಂತು, ಕೋವಿಯೂ ಬಂತು ಎನ್ನಿ. ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹೊಡೆಯಲು ಅನುಮತಿ ಬಂದಂತಲ್ಲ. ಹೊಡೆಯಬಹುದೇ ಎಂಬುದನ್ನು ನಿರ್ಧರಿಸುವುದು ಬೇರೆ ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಪ್ರಾಣ ತೆಗೆಯುವವರೆಗೂ ಆ ಹಕ್ಕು ಹೋಗುವ ಸಂದರ್ಭಗಳನ್ನು ಎಣಿಸಿ ಹೇಳಿದೆ: ಸಾವು ಅಥವಾ ತೀವ್ರ ಗಾಯದ ನಿಜವಾದ ಭಯ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿ, ಆಸ್ತಿಯ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು ಇತ್ಯಾದಿ. ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಬರೀ ಕದಿಯುತ್ತಿದ್ದವನಿಗೆ ಗುಂಡು ಹಾರಿಸಿ ಕೊಂದರೆ ಈ ರಕ್ಷಣೆ ಸಿಗುವುದಿಲ್ಲ. ಬೇಲಿ ಹಾರಿ ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದರೂ ಅಷ್ಟೇ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಹಕ್ಕೇ ಇಲ್ಲ, ಇದ್ದರೂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಬಾಗಿಲಿಗೆ ಗಟ್ಟಿ ಅಗಳಿ, ಅಂಗಳಕ್ಕೆ ದೀಪ, ಎರಡು ನಾಯಿ, ಇಷ್ಟನ್ನೂ ಮಾಡಿದ ಮೇಲೆ ಕೋವಿಯ ಯೋಚನೆ ಬರಲಿ ಎನ್ನುವುದು ಇದಕ್ಕೇ. ಮದುವೆ ದಿಬ್ಬಣದಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸುವವರಿಗೂ ಈಗ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಲೈಸೆನ್ಸಿನ ಅವಧಿ ಐದು ವರ್ಷ. ಅದು ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ ಹೋಗಲಿ. ಚುನಾವಣೆ ಬಂದಾಗ ಠೇವಣಿ ಇಡಲು ಆದೇಶ ಬಂದರೆ ಜಗಳವಾಡದೆ ಇಟ್ಟು, ಕೋವಿಯ ನಂಬರ್ ಬರೆದ ರಸೀದಿ ಪಡೆಯಿರಿ. ತರುವಾಗ ನಳಿಕೆಯೊಳಗೆ ತುಕ್ಕು ಇದೆಯೇ ನೋಡಿ. ಕೊಡುವ ಮೊದಲು ಎಣ್ಣೆ ಹಚ್ಚಿ ಕೊಟ್ಟಿದ್ದರೆ ಆ ತೊಂದರೆ ಇರುವುದಿಲ್ಲ.

ಇನ್ನು ಅಜ್ಜ ತೀರಿಕೊಂಡ ಮೇಲೂ ಅಟ್ಟದಲ್ಲೇ ಇರುವ ಅಜ್ಜನ ಕೋವಿ. ಲೈಸೆನ್ಸ್ ಅಜ್ಜನ ಹೆಸರಿನಲ್ಲಿತ್ತು, ಮನೆಯ ಹೆಸರಿನಲ್ಲಲ್ಲ. ವೈಕುಂಠ ಸಮಾರಾಧನೆ ಮುಗಿಯುತ್ತಲೇ ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಿ, ಆಮೇಲೆ ವಾರಸುದಾರರಲ್ಲಿ ಒಬ್ಬರು ಉಳಿದವರ ಒಪ್ಪಿಗೆ ಪತ್ರದೊಂದಿಗೆ ಅರ್ಜಿ ಹಾಕಲಿ. ಅಜ್ಜ ಬದುಕಿದ್ದು 70 ದಾಟಿದ್ದರೆ, ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಈಗಲೇ ಮಗನ ಅಥವಾ ಮಗಳ ಹೆಸರಿಗೆ ವರ್ಗಾಯಿಸಲು ನಿಯಮದಲ್ಲೇ ದಾರಿಯಿದೆ. ಅರ್ಜಿಗೆ ಸಹಿ ಹಾಕಲು ಅವರ ಕೈ ನಡುಗದಿರುವಾಗಲೇ ಮಾಡಿಸಿ.